ಬಟ್ಟೆ ಯಾರ ಕಣ್ಣಿಗೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮೇಷ್ಟ್ರುಗಳೇ, ನಿಮ್ಮನ್ನೇ ಕೇಳುತ್ತೇವೆ. ನಮ್ಮ ಕೇರಿಯ ಮಕ್ಕಳನ್ನು ದಡ್ಡರೆಂದವರು ಯಾರು? ಅಕ್ಷರ ಬಚ್ಚಿಟ್ಟುಕೊಂಡವರೇ ತಾನೆ?

ಈಗ ಅದೇ ಮಾತು ವಿಜ್ಞಾನದ ಅಂಗಿ ತೊಟ್ಟು ಬಂದಿದೆ. 'ಮಿಡ್ ಬ್ರೇನ್ ಆಕ್ಟಿವೇಷನ್' ಅಂತೆ! ಸಾವಿರಗಟ್ಟಲೆ ಫೀಸು ಕಟ್ಟಿದರೆ ಮಲಗಿದ ಮಿದುಳು ಏಳುತ್ತದಂತೆ, ಕಣ್ಣಿಗೆ ಬಟ್ಟೆ ಕಟ್ಟಿದರೂ ಮಗು ಓದುತ್ತದಂತೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ಆಟ ಬಯಲು ಮಾಡಿದರು. ಮೂಗಿನ ಪಕ್ಕದ ಸಂದಿಯಿಂದ ಇಣುಕುವುದೇ ಅದರ ಗುಟ್ಟು. ಎಡಮಿದುಳಿನವರು ಲೆಕ್ಕಕ್ಕೆ, ಬಲಮಿದುಳಿನವರು ಕಲೆಗೆ ಎಂಬ ವ್ಯಾಪಾರವೂ ಬೊಗಳೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಮಂದಿಯ ಮಿದುಳಿನ ಚಿತ್ರ ನೋಡಿದರು. ಅಂಥ ಎರಡು ಜಾತಿ ಅಲ್ಲಿ ಸಿಗಲಿಲ್ಲ.

ಶೇಂಗಾ ಕೀಳಲು ಹೋಗಿ ಪಾಠ ತಪ್ಪಿದ ಮಗುವಿಗೆ, ರಕ್ತಹೀನತೆಯಿಂದ ತೂಕಡಿಸುವ ಮಗುವಿಗೆ ಬೇಕಿರೋದು ಮೊಟ್ಟೆ, ಪುಸ್ತಕ, ಹೆಸರು ಹಿಡಿದು ಕರೆಯುವ ಮೇಷ್ಟ್ರು. 2021ರಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಬೇಡವೆಂದರು. ಹೊಟ್ಟೆಗೆ ಅಡ್ಡ ನಿಂತು ಮಿದುಳು ಬೆಳೆಸುತ್ತಾರಾ?

ತಮಟೆಯ ಮೇಲೆ ಹೊಸ ಗತ್ತು ಹುಟ್ಟಿಸುವ ಕೈ, ಜೋಳದ ದಂಟಿನಲ್ಲಿ ಗಾಡಿ ಕಟ್ಟುವ ಕೈ ಸೃಜನಶೀಲ ಅಲ್ಲವೇನ್ರಿ? ಅದಕ್ಕೆ ತರಗತಿಯಲ್ಲಿ ಜಾಗ ಕೊಡಿ.

ತರಬೇತಿಯ ಚೀಟಿ ಹಿಡಿದು ಶಾಲೆಗೆ ಬಂದವರನ್ನು ಒಂದೇ ಮಾತು ಕೇಳಿ: ಬಟ್ಟೆ ನಾವು ಕಟ್ತೀವಿ, ಓದಿಸ್ತೀರಾ?