ಈ ಜಾಗ ಮಾರಾಟಕ್ಕಿಲ್ಲ

ನೈರೋಬಿಯಿಂದ ಬರೀತಿದ್ದೀನಿ. ಎರಡು ವಾರ ನೈಟ್ ಡ್ಯೂಟಿ ಇತ್ತು, ಬರೆಯೋಕೆ ಆಗಲಿಲ್ಲ. "ಅಲ್ಲಿ ಕಳ್ಳತನ ಜಾಸ್ತಿಯಂತೆ, ಹುಷಾರು ಕಣಮ್ಮ" ಅಂತ ಅತ್ತೆ, ದೊಡ್ಡಮ್ಮ ಎಲ್ಲ ಕೇಳ್ತಾನೇ ಇದ್ದೀರಿ. ಇವತ್ತು ಅದೇ ವಿಷಯ.

ಫೋನ್ ಕಿತ್ಕೊಂಡು ಓಡೋರು ಇಲ್ಲಿದ್ದಾರೆ, ನಿಜ. ಟ್ರಾಫಿಕ್‌ನಲ್ಲಿ ಕಾರಿನ ಗ್ಲಾಸ್ ಇಳಿಸಿ ಫೋನಲ್ಲಿ ಮಾತಾಡಬೇಡ ಅಂತ ಬಂದ ಹೊಸದರಲ್ಲೇ ಹೇಳಿಕೊಟ್ಟರು. ಆದರೆ ನನಗೆ ವಿಚಿತ್ರ ಅನ್ನಿಸಿದ್ದು ಗೋಡೆ ಬರಹ. ಖಾಲಿ ಜಾಗದ ಕಾಂಪೌಂಡ್ ಮೇಲೆ, ಕೆಲವು ಕಡೆ ಜನ ಇರೋ ಮನೆ ಗೇಟಿನ ಮೇಲೂ, "ನಾಟ್ ಫಾರ್ ಸೇಲ್" ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ಮಾರೋರು ಬೋರ್ಡ್ ಹಾಕೋದು ಗೊತ್ತಿತ್ತು, ಇಲ್ಲಿ ಮಾರದೇ ಇರೋರು ಹಾಕಬೇಕು. ಓನರ್‌ಗೆ ಗೊತ್ತಿಲ್ಲದ ಹಾಗೆ ಇನ್ಯಾರೋ ಟೈಟಲ್ ಡೀಡ್ ಮಾಡಿಸಿ ಮಾರಿಬಿಡ್ತಾರೆ.

ನನ್ನ ಜೊತೆ ಕೆಲಸ ಮಾಡೋ ಸಿಸ್ಟರ್ ಒಬ್ಬರು ಸಾಕೋದಲ್ಲಿ (ನಮ್ಮ ಸೊಸೈಟಿ ಇದ್ದ ಹಾಗೆ) ಸಾಲ ಮಾಡಿ ಊರಾಚೆ ಸೈಟು ತಗೊಂಡ್ರು. ಪಾಯ ತೆಗೆಸೋಕೆ ಹೋದ ದಿನ ಅದೇ ನಂಬರಿನ ಕಾಗದ ಹಿಡ್ಕೊಂಡು ಇನ್ನೂ ಎರಡು ಕುಟುಂಬ ಬಂದವಂತೆ. ಸೈಟು ಹೋಯ್ತು, ಸಾಲ ಉಳೀತು. ಈಗಲೂ ತಿಂಗಳು ತಿಂಗಳು ಸಂಬಳದಲ್ಲಿ ಕಟ್ ಆಗುತ್ತೆ. ರಜೆ ದಿನ ಬೇರೆ ನರ್ಸಿಂಗ್ ಹೋಮಲ್ಲಿ ಡ್ಯೂಟಿ ಮಾಡ್ತಾರೆ, ಕಾಲು ಊದಿಕೊಂಡಿರುತ್ತೆ.

ಇದು ಅವರೊಬ್ಬರ ಕಥೆ ಆಗಿದ್ರೆ ದುರದೃಷ್ಟ ಅನ್ನಬಹುದಿತ್ತು. 2011ರ ನವೆಂಬರಲ್ಲಿ ಏರ್‌ಪೋರ್ಟ್ ಹತ್ತಿರದ ಸ್ಯೋಕಿಮೌದಲ್ಲಿ ಕಾಗದ ಪತ್ರ ಇಟ್ಕೊಂಡಿದ್ದವರ ಮನೆಗಳನ್ನೇ ಬುಲ್ಡೋಜರ್ ತಂದು ಕೆಡವಿದರು, ಅದು ಏರ್‌ಪೋರ್ಟ್ ಜಾಗ ಅಂತ. 2023ರ ಅಕ್ಟೋಬರಲ್ಲಿ ಅಥಿ ರಿವರ್ ಕಡೆ ಸಿಮೆಂಟ್ ಕಂಪನಿ ಜಮೀನಲ್ಲೂ ಹಾಗೇ ಆಯ್ತು. ಎರಡು ಕಡೆಯೂ ಬೀದಿಗೆ ಬಿದ್ದವರು ದುಡ್ಡು ಕೊಟ್ಟು ಕೊಂಡವರು. ಸರ್ಕಾರವೇ ನೇಮಿಸಿದ ಎನ್‌ಡುಂಗು ಆಯೋಗ 2004ರಲ್ಲೇ ಸುಮಾರು 2 ಲಕ್ಷ ಟೈಟಲ್ ಅಕ್ರಮ ಅಂತ ವರದಿ ಕೊಟ್ಟಿತ್ತು. ಜಾಗ ಹೊಡೆದವರಲ್ಲಿ ರಾಜಕಾರಣಿಗಳು, ದೊಡ್ಡ ದೊಡ್ಡ ಅಧಿಕಾರಿಗಳು ಇದ್ರು. 2021ರಲ್ಲಿ ದಾಖಲೆಗೆ ಅರ್ಧಿಸಾಸಾ ಅಂತ ಆನ್‌ಲೈನ್ ವ್ಯವಸ್ಥೆ ಶುರು ಮಾಡಿದ್ದಾರೆ, ನಮ್ಮ 'ಭೂಮಿ' ಇದ್ದ ಹಾಗೆ. ಗೋಡೆ ಬರಹ ಮಾತ್ರ ಇನ್ನೂ ಹೋಗಿಲ್ಲ.

ಇದೇ ಊರಲ್ಲಿ ಯಾರಾದ್ರೂ "ಮ್ವೀಜಿ!" (ಕಳ್ಳ) ಅಂತ ಕೂಗಿದ್ರೆ ಸಾಕು, ದಾರಿಲಿ ಹೋಗೋರೆಲ್ಲ ಸೇರಿ ಹೊಡೀತಾರೆ. ಹಾಗೆ ಪೆಟ್ಟು ತಿಂದು ಬಂದವರಿಗೆ ಕ್ಯಾಶುವಾಲ್ಟಿಯಲ್ಲಿ ನಾನೇ ಡ್ರೆಸ್ಸಿಂಗ್ ಮಾಡಿದ್ದೀನಿ. ತಲೆ ಒಡೆದಿರುತ್ತೆ, ಕದ್ದಿದ್ದು ಒಂದು ಫೋನ್. ಸೈಟು ಕದ್ದವರು ಒಬ್ಬರೂ ಆ ಸ್ಟ್ರೆಚರ್ ಮೇಲೆ ಬಂದಿದ್ದು ನಾನು ನೋಡಿಲ್ಲ.

ಸಮಾಜ ಕೆಟ್ಟಿದೆ ಅಂದ್ರೆ ನನ್ನ ಪ್ರಕಾರ ಇದೇ. ಕಳ್ಳರು ಯಾವ ಕಾಲದಲ್ಲಿ ಇರಲಿಲ್ಲ ಹೇಳಿ? ಯಾವ ಕಳ್ಳನಿಗೆ ಹೊಡೀತೀವಿ, ಯಾವನಿಗೆ ಕುರ್ಚಿ ಹಾಕ್ತೀವಿ ಅನ್ನೋದನ್ನ ನೋಡಬೇಕು. ಕೀನ್ಯಾದವರು ಹಾಗೆ ಅಂತ ನಗಬೇಡಿ. ನಮ್ಮ ಅರಸೀಕೆರೆ ಕಡೆ ತೆಂಗಿನಕಾಯಿ ಕದ್ದವನನ್ನ ಕಂಬಕ್ಕೆ ಕಟ್ತಾರೆ. ಸುಳ್ಳು ಜಿಪಿಎ ಮಾಡಿ ಒಂದು ವಯಸ್ಸಾದ ಅಜ್ಜಿಯ ಸೈಟು ಮಾರಿದವನನ್ನ ಜಾತ್ರೆಯಲ್ಲಿ ಸ್ಟೇಜ್ ಮೇಲೆ ಕೂರಿಸಿ ಶಾಲು ಹೊದಿಸಿದ್ರು. ಹೆಸರು ಬೇಡ, ಊರಿನವರಿಗೆಲ್ಲ ಗೊತ್ತು. "ಏನೇ ಆದ್ರೂ ಕೆಲಸ ಮಾಡಿಸ್ಕೊಡ್ತಾನಪ್ಪ" ಅಂತ ಮೆಚ್ಕೊಳೋರೂ ಇದ್ದಾರೆ!

ನಾನು ಕೂಡಿಟ್ಟ ದುಡ್ಡಲ್ಲಿ ಅವನ ಮೂಲಕವೇ ಸೈಟು ನೋಡೋಣ, ಬೇಗ ಆಗುತ್ತೆ ಅಂತ ಮನೆಯಲ್ಲಿ ಮಾತು ಬಂತು. ಬೇಡ ಅಂತ ಹೇಳಿದ್ದೀನಿ. ತಮ್ಮನಿಗೆ ಬೇಜಾರಾಗಿದೆ, ಅಪ್ಪ ಏನೂ ಮಾತಾಡಲಿಲ್ಲ. ಎರಡು ವರ್ಷ ತಡವಾದ್ರೆ ಆಗಲಿ. ಆ ಅಜ್ಜಿ ಮನೆ ಮುಂದೆ ಹಾದು ಹೋಗಿಯೇ ನಾನು ನನ್ನ ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೀಬೇಕಲ್ವಾ?

ಊರಲ್ಲಿ ಖಾಲಿ ಸೈಟು, ಬೀಗ ಹಾಕಿದ ಮನೆ ಇರೋರು ವರ್ಷಕ್ಕೊಂದು ಸಲ ಕಾವೇರಿ ಆನ್‌ಲೈನಲ್ಲಿ ಇ.ಸಿ. ತೆಗೆಸಿ ನೋಡಿ. ಹೊರಗಿರೋ ಮಕ್ಕಳೇ ಅಪ್ಪ ಅಮ್ಮಂದಿರಿಗೆ ಮಾಡಿಕೊಡಬಹುದು, ಕಷ್ಟವಿಲ್ಲ. ನಾನು ನಮ್ಮದನ್ನ ಈ ಭಾನುವಾರ ನೋಡ್ತೀನಿ.