ಪ್ಯಾಪ್ ನಾರ್ಮಲ್ ಅಂದ್ರೆ ಎಲ್ಲಾ ನಾರ್ಮಲ್ ಅಲ್ಲ!

ಇದನ್ನೆಲ್ಲ ಬ್ಲಾಗಿನಲ್ಲಿ ಬರೆಯೋದಾ ಅಂತ ಎರಡು ವಾರ ಯೋಚಿಸಿದೆ. ಬರೆಯಲೇಬೇಕು ಅನ್ನಿಸ್ತು.

ನಮ್ಮತ್ತೆಗೆ ಮುಟ್ಟು ನಿಂತು ಆರು ವರ್ಷ. ಮತ್ತೆ ರಕ್ತ ಕಾಣಿಸಿಕೊಂಡಾಗ "ಹೋದ ವರ್ಷ ಪ್ಯಾಪ್ ಟೆಸ್ಟ್ ನಾರ್ಮಲ್ ಬಂದಿತ್ತಲ್ಲ" ಅಂತ ನಾಲ್ಕು ತಿಂಗಳು ಸುಮ್ಮನಿದ್ದರು. ಅವರ ತಪ್ಪಲ್ಲ ಬಿಡಿ, ನನಗೂ ಗೊತ್ತಿರಲಿಲ್ಲ. ಪ್ಯಾಪ್ ಪರೀಕ್ಷೆ ಇರುವುದು ಗರ್ಭಕೊರಳಿಗೆ. ಗರ್ಭಕೋಶದ ಒಳಪದರದ ತೊಂದರೆ ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಒಳಪದರಕ್ಕೆ ಬೇರೆ ದಾರಿ ಇದೆ. ಸಣ್ಣ ಬ್ರಷ್ ಒಳಗೆ ಕಳಿಸಿ ಜೀವಕೋಶಗಳನ್ನು ತೆಗೆದು, ಗಾಜಿಗೆ ನೇರ ಬಳಿಯುವ ಬದಲು ಅವು ಕೆಡದಂತೆ ಕಾಯುವ ದ್ರವದಲ್ಲಿ ಅದ್ದುತ್ತಾರೆ. ರಕ್ತ, ಲೋಳೆಯ ಗಲಾಟೆ ಕಡಿಮೆಯಾಗಿ ಕೋಶಗಳು ಸ್ಲೈಡಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತವೆ. ಇದೇ ಲಿಕ್ವಿಡ್ ಬೇಸ್ಡ್ ಸೈಟಾಲಜಿ. ಗರ್ಭಕೊರಳಿನ ಪರೀಕ್ಷೆಗೆ ಅಮೆರಿಕದಲ್ಲಿ 1996ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಒಳಪದರದ ಸೈಟಾಲಜಿಯನ್ನು ಜಪಾನಿನವರು ದಶಕಗಳಿಂದ ಬಳಸುತ್ತಿದ್ದಾರೆ. ಅದರ ವರದಿ ಬರೆಯುವ ಯೊಕೊಹಾಮಾ ಪದ್ಧತಿ 2022ರಲ್ಲಿ ಪುಸ್ತಕವಾಗಿ ಬಂತು.

ಅತ್ತೆಗೂ ಇದನ್ನೇ ಮಾಡಿದರು. ಅರಿವಳಿಕೆ ಇಲ್ಲ, ಐದೇ ನಿಮಿಷ. ವರದಿ 'ನೆಗೆಟಿವ್'! ಮನೆಯಲ್ಲಿ ಪಾಯಸ ಮಾಡೋದೊಂದು ಬಾಕಿ. ಆದರೆ ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮ ಪಟ್ಟು ಹಿಡಿದು ಬಯಾಪ್ಸಿ ಮಾಡಿಸಿದರು. ಕ್ಯಾನ್ಸರ್‌ಗೆ ತಿರುಗಬಹುದಾದ ಹೈಪರ್‌ಪ್ಲೇಸಿಯಾ ಸಿಕ್ಕಿತು. ಆಪರೇಷನ್ ಆಯ್ತು, ಈಗ ಆರಾಮಾಗಿದ್ದಾರೆ.

ಹಾಗಂತ ಸೈಟಾಲಜಿ ದಂಡ ಅಂತೀನಾ? ಖಂಡಿತ ಇಲ್ಲ. ದೊಡ್ಡ ಪರೀಕ್ಷೆಗೆ ಹೆದರುವವರಿಗೆ ಅದು ಒಳ್ಳೆಯ ಮೊದಲ ಬಾಗಿಲು. ಆದರೆ ಬಿಡಿ ಇಟ್ಟಿಗೆಗಳನ್ನು ನೋಡಿ ಗೋಡೆ ವಾಲಿದೆಯಾ ಅಂತ ಹೇಳೋದು ಕಷ್ಟ. ಹೈಪರ್‌ಪ್ಲೇಸಿಯಾ ಗುರುತಿಸಲು ಗ್ರಂಥಿಗಳು ಎಷ್ಟು ಒತ್ತೊತ್ತಾಗಿವೆ ಅಂತ ನೋಡಬೇಕು, ಅದಕ್ಕೆ ಅಂಗಾಂಶವೇ ಬೇಕು. ಸೈಟಾಲಜಿಯಲ್ಲಿ ಅನುಮಾನ ಬಂದರೂ ಬಯಾಪ್ಸಿ ಬೇಕು, ನೆಗೆಟಿವ್ ಬಂದು ರಕ್ತ ನಿಲ್ಲದಿದ್ದರೂ ಬೇಕು. ನನ್ನ ವಾದ ಇಷ್ಟೇ: ರಕ್ತ ನಿಲ್ಲುವವರೆಗೆ ಯಾವ ನಾರ್ಮಲ್ ವರದಿಯನ್ನೂ ಕೊನೆಯ ಮಾತು ಅನ್ನಬೇಡಿ.

ಹೆದರಿಸುತ್ತಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡ ಹತ್ತು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿಗೆ ಈ ಕ್ಯಾನ್ಸರ್ ಇರುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ಈ ಕ್ಯಾನ್ಸರ್ ಬಂದವರಲ್ಲಿ ಸುಮಾರು 90% ಮಂದಿಗೆ ರಕ್ತ ಕಂಡಿರುತ್ತದೆ. ದೇಹ ಇಷ್ಟು ಸ್ಪಷ್ಟವಾಗಿ ಹೇಳುವಾಗ ನಾಚಿಕೆಗೆ ನಾಲ್ಕು ತಿಂಗಳು ಕೊಡೋದು ಯಾಕೆ?

ಇವತ್ತು ಅಮ್ಮನಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿ. ಹುಡುಗರೂ ಕೇಳಬಹುದು, ತಪ್ಪೇನಿಲ್ಲ.

ನೀವೇನಂತೀರಿ?