ಮನೇಲಿ ಮಾಡೋ ಕೆಲಸಕ್ಕೂ ಖರ್ಚಿದೆ, ಬರೆದಿಡ್ರಮ್ಮ

ಗುಬ್ಬಿ ಜಾತ್ರೆಗೆ ಅಮ್ಮನ ಮನೆಗೆ ಹೋಗಿದ್ದೆ. ಕುಣಿಗಲ್ಲಿಂದ ತಂಗೀನೂ ಬಂದಿದ್ಲು. ಅವಳು ಸೀರೆಗೆ ಕುಚ್ಚು ಕಟ್ತಾಳೆ. ನಾನು ತುಮಕೂರಲ್ಲಿ ಮನೇಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಅನುವಾದ ಮಾಡಿಕೊಡ್ತೀನಿ. ಹೋಳಿಗೆ ತಟ್ಟುತ್ತಾ ದೊಡ್ಡಮ್ಮ ಅಂದ್ರು, "ನಿಮ್ದೇನ್ರಮ್ಮ, ಕೂತಲ್ಲೇ ಸಂಪಾದನೆ. ಬಂದಿದ್ದೆಲ್ಲ ಲಾಭವೇ, ಖರ್ಚೇನೈತೆ?"

ಮೊದಲು ನಾನೂ ಅಂಗೇ ಅಂದ್ಕೊಂಡಿದ್ದೆ. ಕಂಪನಿಯೋರು ಪ್ರತಿ ಬಿಲ್ಲಲ್ಲೂ ನೂರಕ್ಕೆ ಹತ್ತು ರೂಪಾಯಿ ಟಿಡಿಎಸ್ ಹಿಡ್ಕೊಳ್ಳೋರು. ಹಿಡಿದಿದ್ದು ಹೋಯ್ತು ಅಂತ ಬಿಟ್ಟಿದ್ದೆ. ಆಡಿಟರ್ ಹತ್ರ ಹೋದಾಗಲೇ ಗೊತ್ತಾಗಿದ್ದು, ಅದು ನನ್ನ ಪ್ಯಾನ್ ನಂಬರಿಗೆ ಜಮಾ ಆಗಿರೋ ದುಡ್ಡು, ರಿಟರ್ನ್ ಹಾಕಿದ್ರೆ ಹೆಚ್ಚಿಗೆ ಹಿಡಿದಿದ್ದು ವಾಪಸ್ ಬರುತ್ತೆ ಅಂತ. ಅಷ್ಟೊತ್ತಿಗೆ ಒಂದು ವರ್ಷದ್ದು ಡಿಸೆಂಬರ್ 31ರ ಗಡುವು ದಾಟೋಗಿತ್ತು. ಮುಂದಿನ ವರ್ಷ, 2024-25ರದ್ದು, 2,40,000 ಬಿಲ್ಲಿಗೆ ಹಿಡಿದ 24,000 ಪೂರ್ತಿ ಬಂತು.

ಆವತ್ತು ಅವರು "ಖರ್ಚೆಷ್ಟಮ್ಮ?" ಅಂದ್ರು. "ಏನಿಲ್ಲ ಸಾರ್, ಮನೇಲೇ ಅಲ್ವಾ" ಅಂದೆ. ಲ್ಯಾಪ್‌ಟಾಪು, ಇಂಟರ್‌ನೆಟ್ಟು, ಕುರ್ಚಿ ಅಂತ ಒಂದೊಂದೇ ಕೇಳಿ ಬರೆಸಿದ್ರು. ಕೆಲಸಕ್ಕೇಂತ್ಲೇ ಮಾಡಿದ ಖರ್ಚನ್ನ ಕಳೆದು ಉಳಿದಿದ್ದೇ ಆದಾಯ. ಹೊಸ ಪದ್ಧತೀಲಿ ಎಲ್ಐಸಿ, ಪಿಪಿಎಫ್ ರಿಯಾಯ್ತಿ ಸಿಗಲ್ಲ, ಈ ಖರ್ಚು ಮಾತ್ರ ಅಲ್ಲೂ ಕಳೀಬಹುದು. 45,000ದ ಲ್ಯಾಪ್‌ಟಾಪು ಒಂದೇ ಸಲಕ್ಕೆ ಅಲ್ಲ, ಸವಕಳಿ ಅಂತ ವರ್ಷಕ್ಕೆ ನೂರಕ್ಕೆ 40ರಂತೆ, ಮೊದಲ ವರ್ಷ 18,000. ವರ್ಷದಲ್ಲಿ 180 ದಿನಕ್ಕಿಂತ ಕಮ್ಮಿ ಬಳಸಿದ್ರೆ ಅದರರ್ಧ. ಇಂಟರ್‌ನೆಟ್ ತಿಂಗಳಿಗೆ 700. ಮಗನೂ ಬಳಸ್ತಾನೆ, ಅದಕ್ಕೆ ಅರ್ಧ, ವರ್ಷಕ್ಕೆ 4,200.

ಇಲ್ಲದ್ದನ್ನ ಬರೀಬೇಡಿ, ಅದನ್ನೂ ಹೇಳ್ತೀನಿ. ಗೃಹಜ್ಯೋತಿಯಿಂದ ನಮ್ಮನೆ ಕರೆಂಟ್ ಬಿಲ್ಲು ಸೊನ್ನೆ, ಕಟ್ಟದ ದುಡ್ಡನ್ನ ಖರ್ಚು ಅನ್ನಂಗಿಲ್ಲ. ಸ್ವಂತ ಮನೆಗೆ ನಮಗೆ ನಾವೇ ಬಾಡಿಗೆ ಕಟ್ಟಿದ್ವಿ ಅನ್ನೋಕಾಗಲ್ಲ. ಬಾಡಿಗೆ ಮನೆಯಾದ್ರೆ ಕೆಲಸದ ಕೋಣೆ ಪಾಲು ತೋರಿಸಬಹುದು, ಆದ್ರೆ ಅದೇ ಬಾಡಿಗೆ ಮೇಲೆ ಯಜಮಾನರು ಆಫೀಸಲ್ಲಿ ಎಚ್‌ಆರ್‌ಎ ರಿಯಾಯ್ತಿ ತಗೊಂಡಿದ್ರೆ ಎರಡು ಕಡೆ ಬರೆಯೋಂಗಿಲ್ಲ. ಮದುವೆ ಸೀರೆಯಂತೂ ಖರ್ಚೇ ಅಲ್ಲ. ಬಿಲ್ಲು ಎತ್ತಿಡಿ. ದೊಡ್ಡ ಮೊತ್ತ ಆದ್ರೆ ನಗದು ಕೊಡದೆ ಬ್ಯಾಂಕಿನಿಂದಲೋ ಫೋನ್‌ಪೇಲೋ ಕೊಡಿ.

ಇದನ್ನೆಲ್ಲ ಕೇಳಿ ತಂಗಿ, "ನಂಗೆ ಟ್ಯಾಕ್ಸೇ ಬರಲ್ವಲ್ಲಕ್ಕ, ನಾನ್ಯಾಕೆ ಬರೀಲಿ?" ಅಂದ್ಲು. ಮಾತು ಸರೀನೇ. ಅವಳಂಥ ಸಣ್ಣ ವ್ಯಾಪಾರಕ್ಕೆ ಸುಲಭದ ದಾರಿನೂ ಇದೆ, ನಗದಲ್ಲಿ ಬಂದಿದ್ದರಲ್ಲಿ ನೂರಕ್ಕೆ 8, ಬ್ಯಾಂಕು ಫೋನ್‌ಪೇಲಿ ಬಂದಿದ್ದರಲ್ಲಿ 6 ಲಾಭ ಅಂತ ತೋರಿಸಿದ್ರೆ ಸಾಕು, ಖರ್ಚಿನ ಪಟ್ಟಿ ಕೇಳಲ್ಲ. ಇನ್ನು 2025-26ರಿಂದ ಹೊಸ ಪದ್ಧತೀಲಿ 12 ಲಕ್ಷದ ಆದಾಯದವರೆಗೂ ತೆರಿಗೆ ಇಲ್ಲ. ನನ್ನ 24,000 ಕೂಡ ಖರ್ಚು ಬರೀದಿದ್ರೂ ಬರ್ತಿತ್ತು.

ಆದ್ರೂ ಬರೀಬೇಕು ಅಂತೀನಿ. ಯಾಕೆ ಅಂತ ತೋರಿಸೋಕೆ ಅಲ್ಲೇ ಅವಳದೊಂದು ಸೀರೆ ಲೆಕ್ಕ ಹಾಕಿದ್ವಿ. ಕೂಲಿ 400. ರೇಷ್ಮೆ ದಾರ, ಮಣಿ ಸೇರಿ 130. ಬಸ್ಸು ಶಕ್ತಿ ಯೋಜನೇಲಿ ಪುಕ್ಕಟೆ, ಅದು ಸೊನ್ನೆ. ಉಳಿದಿದ್ದು 270. ಒಂದೂವರೆ ದಿನದ ಕೆಲಸ, ದಿನಕ್ಕೆ 180 ಆಯ್ತು. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370. ಅದರರ್ಧಾನೂ ಇಲ್ಲ! ತಂಗಿ ಮಾತೇ ಆಡ್ಲಿಲ್ಲ. ದೊಡ್ಡಮ್ಮ ಹೋಳಿಗೆ ತಟ್ಟೋದು ನಿಲ್ಲಿಸಿ, "ಅಂಗಾದ್ರೆ ನೀನು ಯಾಕೆ ನಾನೂರಕ್ಕೆ ಮಾಡ್ತೀಯೆ?" ಅಂದ್ರು.

"ಮನೇಲೇ ಅಲ್ವಾ" ಅನ್ನೋ ಮಾತಲ್ಲಿ ಮೋಸ ಇರೋದು ಅಲ್ಲೇ. ದಾರದ ದುಡ್ಡು ಅಡುಗೆಮನೆ ಡಬ್ಬೀಲಿಂದ ಹೋಗುತ್ತೆ, ಕೂಲಿ ಸಂಸಾರಕ್ಕೆ ಸೇರುತ್ತೆ. ಆಮೇಲೆ ಎಷ್ಟು ಉಳೀತು ಅಂದ್ರೆ ಮಾಡಿದವಳಿಗೇ ಗೊತ್ತಿರಲ್ಲ, ರೇಟು ಕೇಳೋಕೆ ಬಾಯೂ ಬರಲ್ಲ. ಸರ್ಕಾರ ಪಟ್ಟಿ ಕೇಳದಿದ್ರೂ ನಮಗೆ ನಾವು ಕೇಳ್ಕೋಬೇಕು.

ಹಾಲಿನ ಲೆಕ್ಕ, ಚೀಟಿ ಲೆಕ್ಕ ತಪ್ಪದೆ ಬರೀತೀವಲ್ಲ, ಅದೇ ಪುಸ್ತಕದ ಹಿಂದಿನ ಹಾಳೇಲಿ ಇದನ್ನೂ ಬರೀರಿ. ಯಾರಾದ್ರೂ ನಿಮಗೆ ದುಡ್ಡು ಹಿಡಿದು ಕೊಡ್ತಿದ್ರೆ ಇನ್‌ಕಂ ಟ್ಯಾಕ್ಸ್ ಪೋರ್ಟಲ್ಲಲ್ಲಿ ನಿಮ್ಮ ಪ್ಯಾನಿಗೆ ಜಮಾ ಆಗಿದೆಯಾ ಅಂತ ನೋಡಿ. ತಂಗಿ ಈಗ ಸೀರೆಗೆ 550 ಕೇಳ್ತಿದ್ದಾಳೆ. ಇಬ್ಬರು ಗಿರಾಕಿ ಬಿಟ್ಟೋದ್ರಂತೆ, ಉಳಿದೋರು ಕೊಡ್ತಿದ್ದಾರೆ.